ಇರ್ಮಾಳ ಹುಟ್ಟುಹಬ್ಬ

ರೊಸಾರಿಯೊ ನಗರದಲ್ಲಿ ಜನವರಿಯ ನಡುಬೇಸಿಗೆಯ ಬಿಸಿಲು. ಬಸ್ಸಿನ ಸಾಲಿನಲ್ಲಿ ನಿಂತಿದ್ದ ಮಿರ್ತಾಳ ಮುಂದೆ ಹೂ ಹಿಡಿದ ಇಬ್ಬರು ಮುದುಕಿಯರು, ಅಕ್ಕ ನಿಲ್ಡಾ, ತಂಗಿ ಚೇಲಾ. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಚುನಾವಣೆಯಲ್ಲಿ ಅವ್ರಿಗೇ ಓಟು ಹಾಕಿದ್ಯಲ್ಲಕ್ಕಾ, ಗರ್ಭಪಾತಕ್ಕೆ ಅವಕಾಶ ಕೊಡೋ ಕಾನೂನು ಪಾಸಾದ್ರೆ ಯಾಕೆ ಮುಖ ಊದಿಸ್ಕೊಳ್ತೀಯಾ?”

“ಬೆಲೆ ಇಳಿಸ್ತಾರೆ ಅಂತ ಹಾಕಿದ್ದು ಕಣೇ.”

“ಇದನ್ನೂ ಪ್ರಚಾರದಲ್ಲೇ ಹೇಳಿದ್ರು.”

“ಆಗ ಕಿವಿ ಮುಚ್ಕೊಂಡಿದ್ದೆ.”

ಚೇಲಾ ನಕ್ಕಳು. “ನಮ್ಮ ಇರ್ಮಾ ಇದ್ದಿದ್ರೆ ಇವತ್ತಿಗೆ ಎಪ್ಪತ್ತೆರಡು.”

“ಹತ್ತೊಂಬತ್ತಕ್ಕೇ ಹೋದ್ಲು. ಜ್ವರ ಅಂತ ಅಮ್ಮ ಹೇಳಿದ್ಲು, ನಾವೂ ಅದನ್ನೇ ಹೇಳ್ಕೊಂಡು ಬಂದ್ವಿ.” ನಿಲ್ಡಾ ಹೂವಿಗೆ ಸುತ್ತಿದ್ದ ಕಾಗದ ಸರಿಮಾಡಿದಳು. “ನಿನ್ನೆ ಮೊಮ್ಮಗಳಿಗೆ ನಿಜ ಹೇಳ್ಬಿಟ್ಟೆ. ಕದ್ದು ಗರ್ಭ ತೆಗೆಸೋಕೆ ಹೋಗಿ ಸತ್ಲು ಅಂತ.”

“ನೀನಾ? ಕಾನೂನು ಬೀಳ್ಲಿ ಅಂತ ಚರ್ಚಲ್ಲಿ ಮೊದಲನೇ ಸಾಲಲ್ಲಿ ಮಂಡಿಯೂರಿದವಳು?”

“ಈಗ್ಲೂ ಅದು ನಂಗೆ ಸರಿ ಕಾಣಲ್ಲ. ಆದ್ರೆ ಟಿವಿಯಲ್ಲಿ ಊರೆಲ್ಲಾ ಗಟ್ಟಿಯಾಗಿ ಮಾತಾಡ್ತಿರುವಾಗ ನಾವಿಬ್ರೇ ಯಾಕೆ ಪಿಸುಗುಟ್ಬೇಕು?”

“ಹುಡುಗಿ ಏನಂದ್ಲು?”

“ಅತ್ತಳು. ಆಮೇಲೆ, ಇರ್ಮಜ್ಜಿಗೆ ಕುಣಿಯೋಕೆ ಬರ್ತಿತ್ತಾ ಅಂದ್ಲು. ಸತ್ತಿದ್ದು ಹೇಗೆ ಅಂತ ಎಲ್ಲರೂ ಕೇಳಿದ್ರು, ಇದನ್ನ ಯಾರೂ ಕೇಳಿರ್ಲಿಲ್ಲ.”

“ಏನು ಹೇಳ್ದೆ?”

“ನಮ್ಮಿಬ್ಬರಿಗಿಂತ ಚೆನ್ನಾಗಿ ಅಂದೆ.”

“ನನಗಿಂತಲೂ?”

“ನೀನು ಕುಣಿದ್ರೆ ಹಿತ್ತಲ ಕೋಳಿ ಬೇಲಿ ಹಾರ್ತಿದ್ವು!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಿರ್ತಾಳಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವರ ಬಸ್ಸು ಬಂತು. ನಿಲ್ಡಾ ಮೊದಲು ಹತ್ತಿ, ಬಸ್ಸಿಗೆಲ್ಲ ಕೇಳುವಂತೆ ಚಾಲಕನಿಗೆ ಹೇಳಿದಳು:

“ಸ್ಮಶಾನದ ಹತ್ರ ಇಳಿಸಪ್ಪ. ಇವತ್ತು ನಮ್ಮ ತಂಗಿ ಹುಟ್ಟಿದ ದಿನ.”