ಎಲ್ಲದಕ್ಕೂ ‘ಇಲ್ಲ’

ಹಾರ್ಮೋನ್ ಪರೀಕ್ಷೆಗೆ ಬಂದಿದ್ದ ಬಡಗಿ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ಅಜ್ಜಿಕಥೆಯ ರಕ್ಕಸ ತನ್ನ ಪ್ರಾಣ ಬಚ್ಚಿಟ್ಟಂತೆ ರೋಗಲಕ್ಷಣ ಕೇಳುವ ಫಾರಂ ಮುಚ್ಚಿಕೊಂಡಿದ್ದ. ಹೆಂಡತಿ ಅದನ್ನು ಎಳೆದುಕೊಂಡಳು.

“ಎಲ್ಲದಕ್ಕೂ ‘ಇಲ್ಲ’ ಅಂತ ಬರ್ದಿದೀರಲ್ರೀ!”

“ಮೆಲ್ಲಗೆ ಮಾತಾಡೇ.”

“ಸುಸ್ತಿಲ್ವಾ? ತಟ್ಟೆ ಮುಂದೇನೇ ತೂಕಡಿಸ್ತೀರಿ.”

“ವಯಸ್ಸಾಯ್ತು. ನಿಮ್ಮಪ್ಪ ತೂಕಡಿಸ್ತಿರ್ಲಿಲ್ವಾ?”

“ನಮ್ಮಪ್ಪಂಗೆ ಎಂಬತ್ತಾಗಿತ್ತು. ನಿಮಗಿನ್ನೂ ಐವತ್ನಾಲ್ಕು. ಸಿಟ್ಟೂ ಬರಲ್ವಂತೆ!”

“ಇಲ್ಲ ಅಂದ್ನಲ್ಲ!”

ಎದುರಿನವರೆಲ್ಲ ತಲೆಯೆತ್ತಿದರು.

“ನಿಮ್ಮ ಕೂಗಾಟಕ್ಕೆ ಹೆದರಿ ಮಗಳು ಮಗೂನ ಎತ್ಕೊಂಡು ಹೋಗಿ ತಿಂಗಳಾಯ್ತು. ನೀವು ಸರಿಹೋಗೋವರ್ಗೂ ಬರಲ್ಲ ಅಂದಿದಾಳೆ. ಸುಳ್ಳು ಬರೆದ್ರೆ ಡಾಕ್ಟ್ರು ಏನ್ ಕಂಡ್ಹಿಡೀತಾರೆ?”

ಅವಳು ಪೆನ್ನು ಕಿತ್ತುಕೊಂಡು ಒಂದೊಂದೇ ‘ಇಲ್ಲ’ ಹೊಡೆದುಹಾಕಿ ‘ಹೌದು’ ಎಂದು ಬರೆಯತೊಡಗಿದಳು. ಕೊನೆಯ ಸಾಲಿನಲ್ಲಿ ಕೈ ನಿಂತಿತು.

“ಕಾರಣವಿಲ್ಲದೆ ಅಳು ಬರುತ್ತಾ ಅಂತೆ. ಇದು ಇರ್ಲಿ ಬಿಡಿ. ನೀವು ಅತ್ತಿದ್ದು ನಾನಂತೂ ನೋಡಿಲ್ಲ.”

“ಕೊಡೇ ಇಲ್ಲಿ.”

ಆ ಒಂದನ್ನು ಅವನೇ ತಿದ್ದಿದ.

ಅವಳ ದನಿ ಇಳಿಯಿತು. “ಯಾವಾಗ್ರೀ?”

“ಕೆಲಸದ ಜಾಗದಲ್ಲಿ. ಗರಗಸದ ಮಿಷನ್ ಓಡ್ತಿರುತ್ತಲ್ಲ, ಯಾರಿಗೂ ಕೇಳ್ಸಲ್ಲ.”

ನರ್ಸ್ ಅವನನ್ನು ಕರೆದಳು. ಅವನು ಎದ್ದ. ಕರೆಯದಿದ್ದರೂ ಅವಳೂ ಜೊತೆಗೇ ಒಳಗೆ ಹೋದಳು.