ತಲೆ ಎತ್ತದ ಗೆಳೆಯ

ದೇವಜನರೇ, ಬೆಲ್ಜಿಯಂ ದೇಶದ ಒಂದೂರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ ಇದ್ದ. ಕಥೆ ಅಂತಲೇ ಕೇಳಿ, ಮನೆಗೆ ಹೋಗಿ ಮೊಬೈಲಲ್ಲಿ ಅವನ ಹೆಸರು ಹುಡುಕಬೇಡಿ. ಗೋಲು ಹೊಡೆಯೋದೇ ಅವನ ಕೆಲಸ. ಆಟ ಬಿಟ್ಟು ಹನ್ನೆರಡು ವರ್ಷ ಆಗಿತ್ತು, ಮಂಡಿ ಸವೆದು ಮೆಟ್ಟಿಲು ಹತ್ತೋಕೂ ಆಗ್ತಿರಲಿಲ್ಲ. ಜನ ಬಿಡಬೇಕಲ್ಲ? ಬಿಸ್ಕತ್ ಪೊಟ್ಟಣದ ಮೇಲೆ ಅವನ ಮುಖ, ಬಸ್ಸಿನ ಮೇಲೆ ಅವನ ಮುಖ, ಹುಟ್ಟಿದ ಮಗುವಿಗೂ ಅವನದೇ ಹೆಸರು.

ಅವನಿಗೊಬ್ಬ ಗೆಳೆಯ. ಅದೇ ತಂಡದವನು. ಮೈದಾನದ ಅಂಚಲ್ಲಿ ಓಡಿ ಓಡಿ ಚೆಂಡು ತಂದು ಇವನ ಕಾಲಿಗೆ ಕೊಡ್ತಿದ್ದವನು. ನೋಡಿ, ಆಟಗಾರ ತಲೆ ಎತ್ತಿ ನೋಡ್ತಲೂ ಇರಲಿಲ್ಲ. ಸುಮ್ಮನೆ ಮುಂದಕ್ಕೆ ಓಡೋನು, ಚೆಂಡು ಬಂದೇ ಬರೋದು. ಅಷ್ಟು ನಂಬಿಕೆ. ಜನ ಗೋಲು ನೆನಪಿಟ್ಟುಕೊಂಡರು. ಚೆಂಡು ಕೊಟ್ಟವನನ್ನ ಯಾರು ಕೇಳ್ತಾರೆ?

ಆ ಗೆಳೆಯನ ಕಣ್ಣು ಮಂಜಾಗ್ತಾ ಬಂತು. "ಇನ್ನೆರಡು ತಿಂಗಳು ಅಷ್ಟೇ. ನೋಡೋದನ್ನೆಲ್ಲ ನೋಡ್ಕೊಂಡುಬಿಡಿ" ಅಂದ್ರು ಡಾಕ್ಟರು.

ಅವನು ಹೆಂಡತಿಗೆ ಅಂದ, "ಅವನ ಮುಖ ಒಂದ್ಸಲ ನೋಡ್ಬೇಕು ಕಣೇ."

"ಬಸ್ಸಿನ ಮೇಲೆ ದಿನಾ ನೋಡ್ತೀರಲ್ಲ?"

"ಅದು ನನ್ನನ್ನ ನೋಡಲ್ವಲ್ಲೇ" ಅಂದ.

ಫೋನ್ ಮಾಡಿದ. ಎತ್ತಿದವನು ಬೇರೆ ಯಾರೋ. "ಭಾನುವಾರ ಅಂಗಡಿ ಉದ್ಘಾಟನೆಗೆ ಬರ್ತಾರೆ, ಅಲ್ಲಿ ಸಾಲಲ್ಲಿ ನಿಂತ್ಕೊಳ್ಳಿ" ಅಂದ. ನಿಂತ. ಮೂರು ಗಂಟೆ ನಿಂತ. ಮುಂದಿನವನ ಬೆನ್ನು ಮುಟ್ಟಿ ಮುಟ್ಟಿ ಹೆಜ್ಜೆ ಇಟ್ಟ. ಕೊನೆಗೆ ಮೇಜು ಸಿಕ್ಕಿತು. ಆಟಗಾರ ಬಗ್ಗಿ ತನ್ನ ಫೋಟೊಗಳಿಗೆ ಸಹಿ ಹಾಕ್ತಾನೇ ಇದ್ದ. "ಯಾರ ಹೆಸರು ಬರೀಲಿ?" ಅಂದ.

ಗೆಳೆಯ ತನ್ನ ಹೆಸರೇ ಹೇಳಿದ. ಈ ಹೆಸರು ಕಿವಿಗೆ ಬಿದ್ರೆ ತಲೆ ಎತ್ತೇ ಎತ್ತುತ್ತಾನೆ ಅಂತ ಬೇಕಂತಲೇ ಹೇಳಿದ.

ಎತ್ತಲಿಲ್ಲ. ಆ ಹೆಸರು ಬರೆದ, 'ಪ್ರೀತಿಯಿಂದ' ಅಂತ ಬರೆದ, ಸಹಿ ಹಾಕಿದ. "ಮುಂದಿನವರು" ಅಂದ.

'ನಾನು ಕಣೋ' ಅನ್ನಬಹುದಿತ್ತು, ಅಲ್ವಾ? ಬಾಯಿ ತುದಿಗೆ ಬಂದಿತ್ತು. ಆದರೆ ಇವನ ಹತ್ರಾನೂ ಗುರುತು ಹೇಳ್ಕೊಳ್ಳೋ ಗತಿ ಬಂತಲ್ಲ ಅಂದ್ಕೊಂಡು ಫೋಟೊ ಎತ್ಕೊಂಡ. ಅಷ್ಟರಲ್ಲಿ ಹಿಂದಿನವರು ತಳ್ಳಿದರು.

ಮನೆಯಲ್ಲಿ ಹೆಂಡತಿ ಕೇಳಿದಳು, "ಮುಖ ನೋಡಿದ್ರಾ?"

"ನೆತ್ತಿ ನೋಡಿದೆ" ಅಂದ. "ಕೂದಲು ಉದುರಿದೆ, ಪಾಪ."

ಎರಡು ತಿಂಗಳಿಗೆ ಸರಿಯಾಗಿ ಅವನ ಕಣ್ಣು ಹೋಯ್ತು.

ಎಂಥ ಅಹಂಕಾರ ಅಂತ ತಲೆ ಆಡಿಸ್ತಿದ್ದೀರಿ. ಅವನಿಗಾದ್ರೂ ಊರೇ ಸಾಲು ನಿಂತಿತ್ತು. ನಮಗೆ ಯಾರು ನಿಂತಿದ್ದಾರೆ ಸ್ವಾಮಿ? ಊಟಕ್ಕೆ ಕೂತಾಗ ಹೆಂಡತಿ ಏನೋ ಹೇಳೋಕೆ ಬಂದ್ರೆ ಮೊಬೈಲಿಂದ ಕಣ್ಣು ಕೀಳದೆ "ಹೂಂ" ಅಂತೀರಿ. ನಿನ್ನೆ ಈ ಪ್ರಸಂಗ ಬರೀತಾ ಕೂತಿದ್ದಾಗ ನನ್ನ ತಮ್ಮ ಬಂದು ಬಾಗಿಲಲ್ಲಿ ನಿಂತ. ನಾನೂ "ಹೂಂ" ಅಂದೆ. ಏನು ಹೇಳೋಕೆ ಬಂದಿದ್ದನೋ, ಹಾಗೇ ಹೋದ. ನನಗೇ ನಾಚಿಕೆ ಆಗ್ತಿದೆ.

ಇವತ್ತು ಮನೆಗೆ ಹೋಗಿ. ಯಾರೇ ಮಾತಾಡಿಸಲಿ, ಕೈಲಿರೋದನ್ನ ಕೆಳಗಿಡಿ, ತಲೆ ಎತ್ತಿ, ಮುಖ ನೋಡಿ. ಆಮೇಲೆ ಉತ್ತರ ಕೊಡಿ. ಅವರ ಕಣ್ಣಿಗೆ ಇನ್ನೆಷ್ಟು ದಿನ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ನೆತ್ತಿ ನೋಡೋಕೆ ಯಾರೂ ಮನೆಯಲ್ಲಿ ಕಾಯ್ತಾ ಕೂತಿಲ್ಲ.