ಗಂಟಲಿಗೆ ಹೆದರಿದವರು

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ಅಕ್ಕ ತಂಗಿ ಇದ್ದರು. ಗಾಲಿಕುರ್ಚಿಯಲ್ಲಿದ್ದ ತಂಗಿ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಮನೆ ನೋಡಿ ಆಗಷ್ಟೇ ಬಂದಿದ್ದಳು.

“ಕುರ್ಚಿ ನೋಡಿ ಮ್ಯಾನೇಜರು ಮುಖ ಸಿಂಡರಿಸಿದ್ರಾ?”

“ಇಲ್ಲ ಕಣಕ್ಕಾ. ಯಾವ ಮಹಡಿ ಬೇಕು ಅಂತ ಕೇಳಿ, ಖಾಲಿ ಇರೋ ಮನೆ ಎಲ್ಲಾನೂ ತೋರಿಸಿದ್ರು. ಬಚ್ಚಲ ಹೊಸ್ತಿಲು ತೆಗೆಸಿಕೊಡ್ತಾರಂತೆ.”

“ಮತ್ತೆ ಇಷ್ಟೊತ್ತು ಯಾಕಾಯ್ತು?”

“ಬೆಳಿಗ್ಗೆ ಹಾಡು ಪ್ರಾಕ್ಟೀಸ್ ಮಾಡ್ತೀನಿ ಅಂದೆ. ಅದಕ್ಕೆ ಹಿಂದೆಮುಂದೆ ನೋಡಿದ್ರು!”

“ಅಯ್ಯೋ, ಅದಕ್ಯಾಕೆ ನಗ್ತೀಯೇ?”

“ಎಷ್ಟು ಮನೆ ಹುಡುಕಿದ್ವಿ! ನನ್ನ ಕಾಲು ಬಿಟ್ಟು ಗಂಟಲಿಗೆ ಹೆದರಿದವರು ಇವರೊಬ್ಬರೇ!”

“ಕೊನೆಗೆ?”

“ಬೆಳಿಗ್ಗೆ ಏಳಕ್ಕೆ ಮುಂಚೆ ಇಲ್ಲಿ ಯಾರೂ ಗಲಾಟೆ ಮಾಡೋ ಹಾಗಿಲ್ಲ, ನೀವೂ ಅಷ್ಟೆ ಅಂದು ಕೀ ಕೊಟ್ರು.”

ಬಸ್ಸು ಬಂತು. ತಂಗಿ ದನಿಯೆತ್ತಿ ಹಾಡುತ್ತಲೇ ಬಾಗಿಲ ಇಳಿಜಾರು ಹಲಗೆಯ ಮೇಲೆ ಕುರ್ಚಿ ಉರುಳಿಸಿಕೊಂಡು ಒಳಗೆ ಹೋದಳು. ಮ್ಯಾನೇಜರು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ.